ನಡೆಯುವ ಕುರ್ಚಿ

"ಬಲಗೈಗೆ ಬೇಡ ಅಂದೆನಲ್ಲ. ಬಲಗೈಲಿ ನನಗೆ ಕೆಲಸ ಇರತ್ತೆ," ಎಂದು ಅಮ್ಮ ಎಡಗೈ ಚಾಚಿದಳು. ಚಾಚಿದ ರೀತಿ ಪೊಲೀಸರಿಗೆ ಶರಣಾಗುವವರದ್ದು.

ಮಗಳು ಕಪ್ಪು ಕೈಪಟ್ಟಿಯನ್ನು ಆ ಮಣಿಕಟ್ಟಿಗೆ ಸುತ್ತಿ, ಕೊಂಡಿ ಸಿಕ್ಕಿಸಿ, ಒಂದು ಬೆರಳನ್ನು ಒಳಗೆ ತೂರಿಸಿ ಬಿಗಿ ನೋಡಿದಳು. ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದ ಪಟ್ಟಿ ಇನ್ನೂ ಬೆಚ್ಚಗಿತ್ತು. ಅದರ ಒಳಮೈಯಲ್ಲಿ ಹಸಿರು ಬೆಳಕೊಂದು ಮಿನುಗಿ, ಚರ್ಮದಡಿಯಲ್ಲಿ ಏನನ್ನೋ ಹುಡುಕತೊಡಗಿತು.

"ಲೈನ್ ಸಿಕ್ತಾ?"

"ಸಿಕ್ತು."

"ಆ ನಾಯಿ ಹೇಗಿದೆ?"

"ಚೆನ್ನಾಗಿದೆ."

"ಫ್ಯಾನು?"

"ಅದೂ ಚೆನ್ನಾಗಿದೆ. ದಿನಾ ಇದನ್ನೇ ಕೇಳ್ತೀಯಲ್ಲಮ್ಮ."

"ಜೊತೆಯವರ ಯೋಗಕ್ಷೇಮ ವಿಚಾರಿಸಬಾರದೇನೆ? ನಾಯಿ, ಫ್ಯಾನು, ಆಮೇಲೆ ನಾನು. ನಮ್ಮದೊಂದು ಬಳಗ."

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳು. ಜನ ತಾವೇ ನಂಬರು ತಿರುಗಿಸುವುದಕ್ಕೆ ಮೊದಲಿನ ಕಾಲದಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು, ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಮಿಣುಕಿದ ದೀಪದ ಕೆಳಗಿನ ತೂತಿಗೆ ತಂತಿ ಚುಚ್ಚಿ ಅರ್ಧ ಊರನ್ನು ಇನ್ನರ್ಧ ಊರಿಗೆ ಮಾತಾಡಿಸಿದವಳು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವಳು ಅಂದಿನಿಂದ ಫೋನು ಎತ್ತಿಲ್ಲ. "ಊರವರ ಫೋನೆಲ್ಲ ಎತ್ತಿ ಆಗಿದೆ. ಇನ್ನು ನನ್ನದನ್ನ ಬೇಕಾದ್ರೆ ಊರವರು ಎತ್ಲಿ," ಎನ್ನುತ್ತಿದ್ದಳು. ಎದುರಿಗೇ ಫೋನು ಬಡಿದುಕೊಳ್ಳುತ್ತಿದ್ದರೂ ಪೇಪರಿನ ಹಾಳೆ ಮಗುಚುವಷ್ಟು ಮನೋಬಲ ಅವಳಿಗಿತ್ತು. ಅಳಿಯ ತಂದುಕೊಟ್ಟ ಮೊಬೈಲು ಅಡುಗೆಮನೆಯ ಚಮಚದ ಡ್ರಾಯರಿನಲ್ಲಿ ವಾಸವಾಗಿತ್ತು. ಯಾರಾದರೂ ಕರೆದರೆ ಚಮಚಗಳೆಲ್ಲ ನಡುಗುತ್ತಿದ್ದವು. ನೆಂಟರಿಷ್ಟರು ಇದನ್ನು ಅರ್ಥಮಾಡಿಕೊಂಡು, ಹೇಳುವುದಿದ್ದರೆ ನೇರವಾಗಿ ಮನೆಗೇ ಬರುತ್ತಿದ್ದರು. ಬಹುಶಃ ಅವಳಿಗೆ ಬೇಕಾಗಿದ್ದದ್ದೂ ಅದೇ.

ಚಳಿಗಾಲದಲ್ಲಿ ಬಚ್ಚಲುಮನೆಯಲ್ಲಿ ಬಿದ್ದಮೇಲೆ ಡಾಕ್ಟರು ಎದೆಯ ಮೇಲೆ ತಣ್ಣನೆಯ ಯಂತ್ರವಿಟ್ಟು ತುಂಬ ಹೊತ್ತು ಕೇಳಿಸಿಕೊಂಡು, "ಹೃದಯ ಆಗಾಗ ತಾಳ ತಪ್ತಿದೆ. ತಪ್ಪಿದಾಗ ಯಾರಾದ್ರೂ ಬೇಗ ಪಕ್ಕಕ್ಕೆ ಬರ್ಬೇಕು, ಅಷ್ಟೆ," ಎಂದಿದ್ದರು. ಅಷ್ಟೆ ಎಂಬ ಮಾತು ಅವತ್ತಿನಿಂದ ಮಗಳ ತಲೆಯಲ್ಲಿ ಕೂತಿತ್ತು. ಹಗಲಲ್ಲಿ ಅಮ್ಮ ಒಬ್ಬಳೇ. ಮಗಳ ಗಂಡನ ಕನ್ನಡಕದ ಅಂಗಡಿ ಎರಡೇ ಬೀದಿಯಾಚೆ, ಓಡಿಬಂದರೆ ಹೊತ್ತು ಹಿಡಿಯುವುದಿಲ್ಲ. ಓಡಿಬರಬೇಕು ಎಂದು ಅವನಿಗೆ ತಿಳಿಯಬೇಕಷ್ಟೆ.

"ಇವತ್ತು ಬಿಸಿಲು ಜಾಸ್ತಿ ಅಂತ ರೇಡಿಯೋದಲ್ಲಿ ಹೇಳಿದ್ದಾರೆ. ಪರದೆ ತೆಗೀಬೇಡ. ನೀರು ಕುಡೀತಾ ಇರು. ಒಲೆ ಹತ್ರ ನಿಲ್ಬೇಡ."

"ಕುರ್ಚಿಲಿ ಕೂತು ಉಸಿರಾಡಬಹುದಾ?"

"ಆಡಬಹುದು," ಎಂದು ಮಗಳು ಬ್ಯಾಗು ಹೆಗಲಿಗೇರಿಸಿದಳು.

"ನೋಡು, ಕೂತಿದ್ದು, ಎದ್ದಿದ್ದು, ಬಚ್ಚಲಿಗೆ ಹೋಗಿದ್ದು ಎಲ್ಲ ನಿನ್ನ ಆಫೀಸಿಗೆ ಗೊತ್ತಾಗತ್ತೆ. ಎಕ್ಸ್‌ಚೇಂಜಲ್ಲಿ ನಾವು ಕದ್ದು ಕೇಳಿದ್ರೆ ಮೆಮೋ ಕೊಡ್ತಿದ್ರು. ನಿನಗೆ ಸಂಬಳ ಕೊಡ್ತಾರೆ."

ಬಾಗಿಲು ಹಾಕಿಕೊಳ್ಳುವಾಗ ಅಮ್ಮನ ಬಲಗೈ ಆಗಲೇ ಪೇಪರು ಮಡಿಸುತ್ತಿತ್ತು.

ಆಫೀಸಿದ್ದದ್ದು ನಾಲ್ಕನೆಯ ಮಹಡಿಯಲ್ಲಿ. ನಗರದ ಮುದುಕರು, ಹೃದಯದ ಕಾಯಿಲೆಯವರು, ಆಸ್ಪತ್ರೆಯಿಂದ ಮನೆಗೆ ಬಂದವರು, ಇಂಥವರ ಕೈಗೆಲ್ಲ ಪಟ್ಟಿ ಕಟ್ಟುವುದು ಕಂಪನಿಯ ಕಸುಬು. ಪಟ್ಟಿ ಎಡೆಬಿಡದೆ ಸುದ್ದಿ ಕಳಿಸುತ್ತದೆ: ಎದೆಬಡಿತ, ಮೈಬಿಸಿ, ಮನುಷ್ಯ ನಿಂತಿದ್ದಾನೋ ಮಲಗಿದ್ದಾನೋ, ಎತ್ತ ಎಷ್ಟು ಹೆಜ್ಜೆ ನಡೆದ. ಒಬ್ಬೊಬ್ಬರ ಸುದ್ದಿಯನ್ನೂ ಆಫೀಸಿನಲ್ಲಿ 'ಹರಿವು' ಎನ್ನುತ್ತಿದ್ದರು. ಅಷ್ಟೂ ಹರಿವುಗಳನ್ನು ಕೂತು ನೋಡುವುದು ಸರ್ವರ್‌ಗಳು. ಅವು ಆಫೀಸಿನವಲ್ಲ, ಊರಾಚೆಯ ಒಂದು ದೊಡ್ಡ ಸರ್ವರ್ ಹಾಲ್‌ನಿಂದ ಬಾಡಿಗೆಗೆ ಪಡೆದವು. ನೂಕುನುಗ್ಗಲಾದರೆ ಹೆಚ್ಚು ಸರ್ವರ್ ಕರೆಸಿಕೊಳ್ಳುವುದು, ತಣ್ಣಗಾದರೆ ವಾಪಸು ಕಳಿಸುವುದು. ಇರುವ ಸರ್ವರ್‌ಗಳನ್ನು ಯಾವ ಹರಿವಿಗೆ ಎಷ್ಟು ಹಂಚಬೇಕೆಂಬ ನಿಯಮ ಬರೆದವಳು ಮಗಳು. ಹೃದಯ ಒಂದೇ ಸಮ ಬಡಿಯುತ್ತಿದ್ದರೆ ಆಗೊಮ್ಮೆ ಈಗೊಮ್ಮೆ ಕಣ್ಣುಹಾಯಿಸಿದರೆ ಸಾಕು. ಎಡವುತ್ತಿದ್ದರೆ ಎವೆಯಿಕ್ಕದೆ ನೋಡಬೇಕು. ಆದ್ದರಿಂದ ಸುಮ್ಮನಿದ್ದವರ ಪಾಲು ಕಿತ್ತು ಗಲಾಟೆಯವರಿಗೆ ಕೊಡುವುದು, ಅವರು ಸುಮ್ಮನಾದ ತಕ್ಷಣ ಮತ್ತೆ ಕಿತ್ತುಕೊಳ್ಳುವುದು. ಇದು ಕ್ಷಣಕ್ಷಣವೂ ತನ್ನಷ್ಟಕ್ಕೆ ನಡೆಯುತ್ತಿತ್ತು. ಈ ಸಾಧನೆಗಾಗಿ ಆಫೀಸಿನಲ್ಲಿ ಅವಳಿಗೆ ಪಾಲಕ್ಕ ಎಂದು ಹೆಸರು ಬಿದ್ದಿತ್ತು.

ಲಿಫ್ಟಿನ ಬಾಗಿಲ ಮೇಲೆ ಕಂಪನಿ ತನ್ನ ಮಾತನ್ನು ದೊಡ್ಡಕ್ಷರದಲ್ಲಿ ಬರೆಸಿತ್ತು: 'ಒಂದು ಬಡಿತವೂ ಕಳೆದುಹೋಗುವುದಿಲ್ಲ.' ಸುಳ್ಳೇನಲ್ಲ. ನೋಡಲು ಸರ್ವರ್ ಇಲ್ಲದಿದ್ದರೆ ಸುದ್ದಿಯನ್ನು ಎಸೆಯುವುದಿಲ್ಲ, ಸಾಲಿನಲ್ಲಿ ನಿಲ್ಲಿಸುತ್ತಾರೆ. ಬಿಡುವಾದಾಗ ಮೊದಲು ಬಂದದ್ದರಿಂದ ಹಿಡಿದು ಒಂದೊಂದಾಗಿ ನೋಡುತ್ತಾರೆ. ಕಳೆದುಹೋಗುವುದಿಲ್ಲ ಎಂದರೆ ಆಗಲೇ ನೋಡುತ್ತೇವೆ ಎಂದು ಅರ್ಥವಲ್ಲ. ಅಷ್ಟನ್ನೂ ಬರೆಯಲು ಲಿಫ್ಟಿನ ಬಾಗಿಲು ಸಾಲುವಂತಿರಲಿಲ್ಲ.

ಗಿರಾಕಿಗಳ ಹರಿವುಗಳ ಹೊರತಾಗಿ ಟ್ರಯಲ್ ಗುಂಪು ಎಂಬ ಇನ್ನೊಂದಿತ್ತು. ಹೊಸ ನಿಯಮ ಬರೆದಾಗ ಮೊದಲು ಪ್ರಯೋಗ ನಡೆಯುತ್ತಿದ್ದದ್ದು ಅದರ ಮೇಲೆ. ಮ್ಯಾನೇಜರ ನಾಯಿಯ ಕಾಲಿಗೊಂದು ಪಟ್ಟಿ, ತಿರುಗುವ ಫ್ಯಾನಿಗೊಂದು, ಲ್ಯಾಬಿನಲ್ಲಿ ಹಗಲಿರುಳು ಅಲುಗಾಡಿಕೊಂಡು ನಕಲಿ ನಾಡಿ ಹುಟ್ಟಿಸುವ ಒಂದಷ್ಟು ರಬ್ಬರಿನ ಕೈಗಳಿಗೆ ಉಳಿದವು. ಗಿರಾಕಿಗಳು ಪರದೆಯ ಮೇಲೆ ಬರೀ ನಂಬರು, ಬರೀ ಚುಕ್ಕೆ. ಅವರು ಕೂತರೇ ನಿಂತರೇ ಎಂದು ಇಣುಕುವ ಹಾಗಿಲ್ಲ. ಟ್ರಯಲ್ ಗುಂಪಿನದು ಹಾಗಲ್ಲ, ಎಲ್ಲವೂ ಅವಳ ಪರದೆಯ ಮೂಲೆಯ ಒಂದು ಪುಟ್ಟ ಕಿಟಕಿಯಲ್ಲಿ ಬಿಚ್ಚಿಟ್ಟಂತೆ ಕಾಣುತ್ತಿತ್ತು. ಅಮ್ಮನಿಗೆ ಕಟ್ಟಿದ ಪಟ್ಟಿಯನ್ನು ಅವಳು ಈ ಗುಂಪಿಗೆ ಸೇರಿಸಿದ್ದು ಅದಕ್ಕಾಗಿಯೇ. ಅಮ್ಮ ಚುಕ್ಕೆಯಾಗುವುದು ಅವಳಿಗೆ ಬೇಕಿರಲಿಲ್ಲ.

ಕಾಯಿಲೆಯವರನ್ನು ಟ್ರಯಲ್ ಗುಂಪಿಗೆ ಸೇರಿಸಕೂಡದು ಎಂಬ ಕಟ್ಟಳೆಯಿತ್ತು. ಕಟ್ಟಳೆ ಮಾಡಿದವಳೂ ಅವಳೇ. ಹಿಂದಿನ ವರ್ಷ ಪಕ್ಕದ ಮೇಜಿನವನು ತನ್ನ ದೊಡ್ಡಪ್ಪನನ್ನು ಸೇರಿಸಿದ್ದ. ಯಾವಾಗಲೂ ಚಹಾದ ಮಗ್ಗು ಹಿಡಿದು ಕೋಣೆಯನ್ನು ಸುತ್ತುತ್ತಿದ್ದುದರಿಂದ ಅವನನ್ನು ಎಲ್ಲರೂ ಉಪಗ್ರಹ ಎನ್ನುತ್ತಿದ್ದರು. ಅವತ್ತು ಅವಳು ಎಲ್ಲರೆದುರು, "ಇದು ಆಟದ ಗುಂಪು ಕಣಪ್ಪ. ಯಾವಾಗ ಬೇಕಾದ್ರೂ ಆಫ್ ಮಾಡ್ತೀವಿ. ಇಲ್ಲಿ ಮನುಷ್ಯರನ್ನ ತಂದು ಕಟ್ತಾರಾ?" ಎಂದಿದ್ದಳು. ಉಪಗ್ರಹ ಮುಖ ಕೆಂಪಗೆ ಮಾಡಿಕೊಂಡು ದೊಡ್ಡಪ್ಪನನ್ನು ಕಿತ್ತುಹಾಕಿದ್ದ. ಈ ಕಾರಣಕ್ಕೆ ಅಮ್ಮನ ಪಟ್ಟಿಗೆ ಅವಳು ಕೊಟ್ಟ ಹೆಸರು 'ಕುರ್ಚಿ'. ಒಮ್ಮೆ ಉಪಗ್ರಹ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿ, "ಅಕ್ಕ, ನಿಮ್ಮ ಕುರ್ಚಿ ನಡೀತಿದೆ," ಎಂದ.

"ಚಕ್ರದ್ದು. ಯಾರೋ ತಳ್ತಿರಬೇಕು."

"ಬಚ್ಚಲಿಗಾ?"

ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ. ಮಾತು ಅಲ್ಲಿಗೇ ನಿಂತಿತ್ತು.

ಆ ದಿನ ಬೆಳಗಿನ ಚಹಾದ ಹೊತ್ತಿಗೇ ಗೋಡೆಯ ದೊಡ್ಡ ಪರದೆಯಲ್ಲಿ ಹಸಿರು ಚುಕ್ಕೆಗಳ ನಡುವೆ ಹಳದಿ ಹರಡತೊಡಗಿತು. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಊರಿನ ಮೇಲುಮಹಡಿಗಳ ಸಣ್ಣ ಕೋಣೆಗಳಲ್ಲಿ, ಮುಚ್ಚಿದ ಕಿಟಕಿಗಳ ಹಿಂದೆ, ವಯಸ್ಸಾದ ಹೃದಯಗಳೆಲ್ಲ ಓಡತೊಡಗಿದ್ದವು. ಓಡುವ ಹೃದಯಕ್ಕೆ ಹೆಚ್ಚು ಪಾಲು ಎಂಬುದು ನಿಯಮ. ಆದರೆ ಎಲ್ಲ ಹೃದಯಗಳೂ ಒಟ್ಟಿಗೆ ಓಡಿದರೆ ಯಾರ ಪಾಲು ಕಿತ್ತು ಯಾರಿಗೆ ಕೊಡುವುದೆಂದು ನಿಯಮಕ್ಕೂ ತಿಳಿಯದೆ ಅದು ಹೊಸ ಸರ್ವರ್‌ಗಳಿಗಾಗಿ ಊರಾಚೆಯ ಹಾಲ್‌ನ ಕಡೆ ಕೈಚಾಚುತ್ತಲೇ ಇತ್ತು.

"ಬಿಸಿಲು ಬಿತ್ತು ಅಂದ್ರೆ ಊರಲ್ಲಿ ಮೂರೇ ವ್ಯಾಪಾರ," ಎಂದ ಉಪಗ್ರಹ, ಮಗ್ಗಿನೊಂದಿಗೆ ಒಂದು ಸುತ್ತು ಮುಗಿಸಿ. "ಐಸು, ಛತ್ರಿ, ನಾವು."

"ಕೂತ್ಕೊಂಡು ಫೋನ್ ಮಾಡು. ಕೆಂಪು ಬಂದವರ ಮನೆಯವರಿಗೆ ಮೊದಲು."

"ಮಾಡ್ತಾನೇ ಇದೀನಿ. ಒಬ್ಬರು, ನಮ್ಮಪ್ಪ ಯಾವಾಗಲೂ ಹೀಗೇ, ಗಾಬರಿಪಡಬೇಡಿ ಅಂತ ನನಗೇ ಸಮಾಧಾನ ಹೇಳಿದ್ರು."

ಸ್ವಲ್ಪ ಹೊತ್ತಿಗೆ ಮ್ಯಾನೇಜರು ತಮ್ಮ ಗಾಜಿನ ಕೋಣೆಯಿಂದ ಕೋಟು ಬಿಚ್ಚಿ ಹೊರಗೆ ಬಂದರು. ಅವರನ್ನು ಕೋಟಿಲ್ಲದೆ ಯಾರೂ ನೋಡಿರಲಿಲ್ಲವಾದ್ದರಿಂದ ಕೋಣೆ ತಟ್ಟನೆ ಸುಮ್ಮನಾಯಿತು. ಊರಾಚೆಯ ಹಾಲ್‌ನಲ್ಲಿ ತಂಪು ಮಾಡುವ ಯಂತ್ರ ಕೈಕೊಟ್ಟಿತ್ತು. ಸೆಕೆಗೆ ಸರ್ವರ್‌ಗಳು ಸುಟ್ಟುಹೋದಾವೆಂದು ಅಲ್ಲಿಯವರು ಅರ್ಧಕ್ಕರ್ಧ ಆಫ್ ಮಾಡುತ್ತಿದ್ದರು. ಮುದುಕರನ್ನು ಬೀಳಿಸುತ್ತಿದ್ದ ಬಿಸಿಲೇ ಅವರನ್ನು ನೋಡುವ ಕಣ್ಣುಗಳನ್ನೂ ಮುಚ್ಚಿಸುತ್ತಿತ್ತು. ಈ ಜೋಡಣೆಯಲ್ಲಿ ಏನೋ ಒಂದು ಅಚ್ಚುಕಟ್ಟಿತ್ತು, ಆದರೆ ಅದನ್ನು ಮೆಚ್ಚಿಕೊಳ್ಳುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇರಲಿಲ್ಲ.

"ಹೊಸದು ಬಿಡಿ, ಇರೋದನ್ನೂ ಕಿತ್ಕೊಳ್ತಾರಂತೆ," ಎಂದರು ಮ್ಯಾನೇಜರು. "ಏನು ಬಿಡಬಹುದು ಮೇಡಂ? ಮೊದಲು?"

ಉತ್ತರ ಗೋಡೆಯ ಮೇಲೇ ಇತ್ತು. ಬಿಡುವ ಕ್ರಮವನ್ನು ಅವಳೇ ದಪ್ಪ ಪೆನ್ನಿನಲ್ಲಿ ಬರೆದು ಅಂಟಿಸಿದ್ದಳು. ಮೊದಲು ಟ್ರಯಲ್ ಗುಂಪು. ಆಮೇಲೆ ವ್ಯಾಯಾಮಕ್ಕೆಂದು ಪಟ್ಟಿ ಕೊಂಡ ಓಟಗಾರರು. ಆಮೇಲೆ ಮಿಕ್ಕವರು. ಹೃದಯದವರು ಕಟ್ಟಕಡೆಗೆ.

"ಟ್ರಯಲ್," ಎಂದಳು.

"ಅದು ಬಿಟ್ರೆ ಎಷ್ಟು ಉಸಿರಾಡಬಹುದು?"

"ಸುಮಾರು. ಆ ರಬ್ಬರ್ ಕೈಗಳೇ ಬಹಳ ತಿನ್ನತ್ವೆ."

"ಸರಿ." ಮ್ಯಾನೇಜರು ಒಪ್ಪಿಗೆಗೆ ತಮ್ಮ ಪಾಸ್‌ವರ್ಡ್ ಒತ್ತಲು ಅವಳ ಮೇಜಿನ ಮೇಲೆ ಬಗ್ಗಿದವರು, ಏನೋ ನೆನಪಾದಂತೆ ತಡೆದರು. "ಅದರಲ್ಲಿ ಮನುಷ್ಯರು ಯಾರೂ ಇಲ್ಲ ತಾನೆ?"

ಕಿಟಕಿಯಲ್ಲಿ ಕುರ್ಚಿ ಅಡುಗೆಮನೆಯಿಂದ ನಡುಮನೆಗೆ ನಡೆಯುತ್ತಿತ್ತು. ಬಡಿತ ಸರಿಯಿತ್ತು, ಸ್ವಲ್ಪ ಚುರುಕು, ಅಷ್ಟೆ. ಅಮ್ಮ ಪರದೆ ಸರಿಸಿ ಬೀದಿ ನೋಡಲು ಹೋಗುತ್ತಿದ್ದಳು. ಬೇಡವೆಂದಿದ್ದನ್ನು ಮಾಡುವ ಹೊತ್ತದು.

ಒಂದು ಮಾತು ಸಾಕಿತ್ತು. ಇದ್ದಾರೆ ಸಾರ್, ನಮ್ಮಮ್ಮ ಇದ್ದಾರೆ, ಈ ಪಟ್ಟಿಯೊಂದನ್ನ ಹೃದಯದವರ ಸಾಲಿಗೆ ಹಾಕ್ತೀನಿ ಎಂದಿದ್ದರೆ ಮ್ಯಾನೇಜರು ಹುಬ್ಬು ಏರಿಸುತ್ತಿದ್ದರು, ಪಾಸ್‌ವರ್ಡ್ ಒತ್ತುತ್ತಿದ್ದರು, ಮುಗಿಯುತ್ತಿತ್ತು. ಆದರೆ ಪಕ್ಕದ ಮೇಜಿನಲ್ಲಿ ಉಪಗ್ರಹ ಕಿವಿಗೆ ಫೋನು ಹಿಡಿದು, ಅತ್ತ ಕಡೆಯವರು ಎತ್ತುವುದನ್ನೇ ಕಾಯುತ್ತ, ಇವರಿಬ್ಬರನ್ನೂ ನೋಡುತ್ತಿದ್ದ.

"ನಿಮ್ಮ ನಾಯಿ ಇದೆ ಸಾರ್," ಎಂದಳು. "ಫ್ಯಾನು. ಕೈಗಳು. ಒಂದು ಕುರ್ಚಿ."

"ನಮ್ಮ ನಾಯಿ ತಡ್ಕೊಳ್ಳತ್ತೆ ಬಿಡಿ," ಎಂದು ಮ್ಯಾನೇಜರು ನಕ್ಕು ಕೀಲಿ ಒತ್ತಿದರು.

ಒಂದು ಗಂಟೆಯ ಮಾತು ಎಂದುಕೊಂಡಳು. ಊರಾಚೆಯ ಹಾಲ್‌ನವರು ಯಂತ್ರ ಸರಿಮಾಡುತ್ತಾರೆ, ಅಷ್ಟರಲ್ಲಿ ಏನಾಗುತ್ತದೆ? ಪಟ್ಟಿ ಕಟ್ಟಿಕೊಳ್ಳುವ ಮೊದಲು ಅಮ್ಮ ಇಷ್ಟು ವರ್ಷ ಬದುಕಿರಲಿಲ್ಲವೇ? ಕಿಟಕಿಯಲ್ಲಿನ ಗೆರೆಗಳೆಲ್ಲ ಇದ್ದಲ್ಲೇ ನಿಂತವು. ನಾಯಿ ಒಂದು ಕಾಲೆತ್ತಿದ್ದಲ್ಲೇ, ಫ್ಯಾನು ಅರ್ಧ ಸುತ್ತಿನಲ್ಲೇ. ಕುರ್ಚಿಯ ಮುಂದೆ 'ನಡೆಯುತ್ತಿದೆ' ಎಂದಿದ್ದದ್ದು ಹಾಗೇ ಉಳಿಯಿತು.

ಆಮೇಲೆ ಕೆಲಸ ಅವಳನ್ನು ನುಂಗಿತು. ಹಳದಿ ಕೆಂಪಾಗುತ್ತಿತ್ತು, ಕೆಂಪಿನಲ್ಲಿ ಕೆಲವು ಆರುತ್ತಿದ್ದವು. ಅರ್ಧಕ್ಕಿಳಿದ ಸರ್ವರ್‌ಗಳನ್ನು ಅವಳ ನಿಯಮ ಅಲ್ಲಿಂದ ಕಿತ್ತು ಇಲ್ಲಿಗೆ, ಇಲ್ಲಿಂದ ಕಿತ್ತು ಅಲ್ಲಿಗೆ ಓಡಾಡಿಸುತ್ತಿತ್ತು. ಓಟಗಾರರನ್ನೂ ಬಿಟ್ಟಾಯಿತು. ಉಪಗ್ರಹ ಸುತ್ತುವುದನ್ನು ಮರೆತು ಕೂತಲ್ಲೇ ಕೂತಿದ್ದ. ಅವನ ದನಿ ಮೆತ್ತಗಾಗುತ್ತ ಬಂದಿತ್ತು. "ಹೌದಮ್ಮ, ಬೇಗ ಹೋಗಿ. ಈಗಲೇ. ಇಲ್ಲಮ್ಮ, ಅಷ್ಟು ಮಾತ್ರ ನಮಗೆ ಕಾಣೋದು." ನಿಯಮ ಚೆನ್ನಾಗಿಯೇ ಕೆಲಸ ಮಾಡಿತು. ಎಷ್ಟೋ ಮನೆಗಳಿಗೆ ಆ ದಿನ ಯಾರಾದರೂ ಸಮಯಕ್ಕೆ ಓಡಿಬಂದರು. ಅದನ್ನು ಆಮೇಲೆ ಕಂಪನಿ ಎಲ್ಲ ಕಡೆ ಹೇಳಿಕೊಂಡಿತು.

ಊಟದ ಹೊತ್ತು ದಾಟಿದ ಮೇಲೆ ಅವಳಿಗೆ ಕಿಟಕಿಯ ನೆನಪಾಯಿತು. ಬೇರೆ ಹತ್ತೆಂಟು ಕಿಟಕಿಗಳಡಿ ಅದು ಹೂತುಹೋಗಿತ್ತು. ತೆರೆದು ನೋಡಿದರೆ ಕುರ್ಚಿ ಬೆಳಗಿನಿಂದ ಒಂದೇ ಹೆಜ್ಜೆಯಲ್ಲಿ ನಡೆಯುತ್ತಿತ್ತು.

ಕಾರಿಡಾರಿಗೆ ಹೋಗಿ ಮನೆಗೆ ಫೋನು ಮಾಡಿದಳು. ಬಡಿದು ಬಡಿದು ನಿಂತಿತು. ಮೊಬೈಲಿಗೆ ಮಾಡಿದಳು. ಡ್ರಾಯರಿನಲ್ಲಿ ಚಮಚಗಳು ನಡುಗುವುದು ಕಣ್ಣಿಗೆ ಕಟ್ಟಿತು. ಎತ್ತಲಿಲ್ಲ. ಎತ್ತದಿದ್ದರೆ ಅಮ್ಮ ಚೆನ್ನಾಗಿದ್ದಾಳೆ ಎಂದರ್ಥ. ಎತ್ತಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಹಾಗೆಂದುಕೊಂಡು ಇನ್ನೊಮ್ಮೆ ಮಾಡಿದಳು.

ಹೇಳಿಬಿಡೋಣವೆಂದು ಗಾಜಿನ ಕೋಣೆಯವರೆಗೆ ನಡೆದಳು. ಒಳಗೆ ಮ್ಯಾನೇಜರು ಬೆನ್ನು ತಿರುಗಿಸಿ, ಎರಡೂ ಕಿವಿಗೆ ಒಂದೊಂದು ಫೋನು ಹಿಡಿದು, ಯಾರ ಮೇಲೋ ರೇಗುತ್ತಿದ್ದರು. ಬಾಗಿಲು ತಟ್ಟಲು ಎತ್ತಿದ ಕೈಯಿಂದ ಕೂದಲು ಸರಿಮಾಡಿಕೊಂಡು ವಾಪಸು ಬಂದು ಗಂಡನಿಗೆ ಫೋನು ಮಾಡಿದಳು.

"ರೀ, ಅಂಗಡೀಲಿ ರಷ್ಷಾ?"

"ಒಬ್ಬರ ಕಣ್ಣಿಗೆ ಡ್ರಾಪ್ಸ್ ಹಾಕಿ ಕೂರಿಸಿದೀನಿ. ಏನು?"

"ಏನಿಲ್ಲ. ಬಿಡುವಾದಾಗ ಒಂದ್ಸಲ ಮನೆಗೆ ಹೋಗಿ ಅಮ್ಮನ್ನ ನೋಡಿ ಬನ್ನಿ."

"ಯಾಕೆ, ನಿನ್ನ ಪರದೆ ಏನಂತಿದೆ?"

"ಪರದೆ ಸರಿಯಾಗೇ ಇದೆ. ಬಿಸಿಲಲ್ವಾ, ಅದಕ್ಕೆ. ಅವಸರ ಇಲ್ಲ."

"ಸರಿ, ಇವರದ್ದು ಮುಗಿಸಿ ಹೋಗ್ತೀನಿ. ಪಕ್ಕದ ಅಂಗಡೀಲಿ ಐಸ್ ಇದ್ರೆ ಅತ್ತೆಗೆ ತಗೊಂಡು ಹೋಗ್ಲಾ?"

"ತಗೊಂಡು ಹೋಗಿ," ಎಂದಳು.

ಅವಸರ ಇಲ್ಲ ಎಂಬುದನ್ನು ಗಂಡ ನಂಬಿದ. ಪರದೆ ನೋಡುವವಳೇ ಹೇಳಿದ ಮೇಲೆ ನಂಬದಿರಲು ಕಾರಣವಿರಲಿಲ್ಲ. ಡ್ರಾಪ್ಸಿನವರ ಕಣ್ಣು ಪರೀಕ್ಷೆ ಮಾಡಿ, ಇನ್ನೊಬ್ಬರ ಫ್ರೇಮಿನ ತಿರುಪು ಬಿಗಿಮಾಡಿ, ಐಸಿಗಾಗಿ ಎರಡು ಅಂಗಡಿ ಅಲೆದು, ಅವನು ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ನೆರಳು ಉದ್ದವಾಗತೊಡಗಿತ್ತು.

ಅವನ ಕರೆ ಬಂದಾಗ ಆಫೀಸಿನಲ್ಲಿ ಎಲ್ಲರೂ ಮೊದಲ ಬಾರಿಗೆ ಬೆನ್ನನ್ನು ಕುರ್ಚಿಗೆ ಆನಿಸಿದ್ದರು. ಸರ್ವರ್ ಹಾಲ್‌ನ ತಂಪು ಯಂತ್ರ ಸರಿಯಾಗಿ, ಸರ್ವರ್‌ಗಳು ಒಂದೊಂದಾಗಿ ಮರಳುತ್ತಿದ್ದವು. ಪರದೆಯ ಮೇಲೆ ಹಸಿರು ಮೂಲೆಗಳಿಂದ ಒಳಕ್ಕೆ ಹರಿದು ಬರುತ್ತಿತ್ತು. ಯಾರೋ ಬಿಸ್ಕತ್ತಿನ ಡಬ್ಬಿ ತೆರೆದಿದ್ದರು. ಅವಳು ಫೋನು ಹಿಡಿದು ಕಾರಿಡಾರಿಗೆ ಹೋದಳು.

ಗಂಡ, "ಡಾಕ್ಟರನ್ನ ಕರೆಸಿದೀನಿ. ಇಲ್ಲೇ ಇದ್ದಾರೆ," ಎಂದ. ಆಮೇಲೆ, "ಆಗ್ಲೇ ಜೀವ ಹೋಗಿದೆಯಂತೆ," ಎಂದ.

ಅವಳು ಗೋಡೆಯ ಬಣ್ಣ ಎದ್ದುಬಂದಿದ್ದ ಒಂದು ಕಡೆಯನ್ನು ಉಗುರಿನಿಂದ ಒತ್ತುತ್ತ ನಿಂತಿದ್ದಳು.

"ಎಲ್ಲಿ?"

"ಅಡುಗೆಮನೇಲಿ. ಕೆಳಗೆ." ಅವನ ಉಸಿರು ಕೇಳಿಸುತ್ತಿತ್ತು. "ಚಮಚದ ಡ್ರಾಯರು ಪೂರ್ತಿ ಹೊರಗೆ ಬಂದಿದೆ. ಚಮಚ ಎಲ್ಲ ನೆಲದ ಮೇಲೆ. ಮೊಬೈಲು ಡ್ರಾಯರಲ್ಲೇ ಮೂಲೇಲಿದೆ. ತಗೊಳ್ಳೋಕೆ ಹೋಗಿರಬೇಕು."

ಅವಳ ಉಗುರಿನಡಿಯಿಂದ ಬಣ್ಣದ ಒಂದು ಚಕ್ಕೆ ಕಳಚಿ ಬಿತ್ತು.

"ಮೊಬೈಲಲ್ಲಿ ನಿನ್ನದು ಎರಡು ಮಿಸ್ಡ್ ಕಾಲ್ ಇದೆ," ಎಂದ. "ನೀನು ಮಾಡಿದ್ದನ್ನ ಎತ್ತೋಕೆ ಹೋದ್ರಾ, ಇಲ್ಲ ಅದಕ್ಕೂ ಮೊದಲೇ ಯಾರನ್ನಾದ್ರೂ ಕರೆಯೋಣ ಅಂತ ಹೋದ್ರಾ, ಗೊತ್ತಾಗ್ತಿಲ್ಲ. ಎಷ್ಟು ಹೊತ್ತಿಗೆ ಆಯ್ತು ಅಂತ ಡಾಕ್ಟರು ಬರೀಬೇಕಂತೆ. ನಿನಗೆ ಗೊತ್ತಿರತ್ತಲ್ಲ. ಪಟ್ಟಿ ಇನ್ನೂ ಕೈಯಲ್ಲೇ ಇದೆ." ಆಮೇಲೆ ದೂರಿನ ದನಿಯಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬವನಂತೆ, "ಅವಸರ ಇಲ್ಲ ಅಂದ್ಯಲ್ಲ," ಎಂದ.

"ನೋಡಿ ಹೇಳ್ತೀನಿ," ಎಂದಳು.

ಮೇಜಿಗೆ ಮರಳಿದಾಗ ಉಪಗ್ರಹ ಮಗ್ಗು ತುಂಬಿಸಿಕೊಂಡು ಮತ್ತೆ ಕಕ್ಷೆಗೆ ಬಂದಿದ್ದ. "ಅಕ್ಕ, ಎಲ್ಲರದ್ದೂ ಮುಗೀತು. ಟ್ರಯಲ್ ಒಂದು ಬಾಕಿ. ಬೆಳಿಗ್ಗೆಯಿಂದ ನಿಂತಿರೋ ಸಾಲನ್ನ ನೋಡೋಕೆ ಹಚ್ಚಿದೀನಿ. ಸರ್ವರ್ ಈಗ ಬೇಕಾದಷ್ಟಿದೆ, ಐದು ನಿಮಿಷದಲ್ಲಿ ಗುಡಿಸಿಹಾಕತ್ತೆ."

ಅವಳು ಕಿಟಕಿ ತೆರೆದಳು.

ಸಾಲು ಕದಲಿತ್ತು. ಕಿಟಕಿಯ ಮೂಲೆಯ ಗಡಿಯಾರ ನಿಂತಲ್ಲಿಂದ ಹೊರಟು ಬೆಳಗನ್ನು ಸರಸರನೆ ತಿನ್ನುತ್ತಿತ್ತು. ನಾಯಿ ಹುಚ್ಚು ಹಿಡಿದಂತೆ ಓಡುತ್ತಿತ್ತು. ಕುರ್ಚಿ ನಡೆಯಿತು, ನಿಂತಿತು, ಕೂತಿತು, ಎದ್ದಿತು. ಮನೆಯ ಕಿಟಕಿಯ ಹತ್ತಿರ ಬೀದಿ ನೋಡುತ್ತಾ ನಿಂತದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಬೇರೆ ಹರಿವುಗಳು ತಣ್ಣಗಾದಷ್ಟೂ ಅವುಗಳ ಪಾಲಿನ ಸರ್ವರ್‌ಗಳು, ನಿಯಮದಂತೆ, ಬಾಕಿಯಿರುವಲ್ಲಿಗೆ ಓಡಿಬರುತ್ತಿದ್ದವು. ಬಾಕಿಯಿದ್ದದ್ದು ಅಮ್ಮನ ಮಧ್ಯಾಹ್ನ.

ಅವಳು ಕೈ ಕೀಲಿಗಳ ಮೇಲಿಟ್ಟು ನಿಯಮವನ್ನು ನಿಲ್ಲಿಸಿದಳು. ಆಮೇಲೆ ಒಂದು ಸರ್ವರ್ ಕಿತ್ತಳು. ಗಡಿಯಾರ ನಿಧಾನವಾಯಿತು. ಇನ್ನೊಂದು ಕಿತ್ತಳು. ಇನ್ನೊಂದು.

"ಅಕ್ಕ, ಅದು ಬರೀ ಟ್ರಯಲ್," ಎಂದ ಉಪಗ್ರಹ. "ಬೇಗ ಮುಗಿಸಿಬಿಟ್ರೆ ಮನೆಗೆ ಹೋಗಬಹುದು. ಯಾಕೆ ಕೀಳ್ತಿದೀರಿ?"

"ಇರು. ಈಗ ಚಹಾ ಮಾಡ್ಕೊಳ್ತಿದ್ದಾಳೆ."

"ಯಾರು?"

ಉಪಗ್ರಹ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ. ಕಿಟಕಿಯಲ್ಲಿ ಕುರ್ಚಿ ಒಲೆಯ ಮುಂದೆ ನಿಲ್ಲುವಷ್ಟು ಹೊತ್ತು ನಿಂತಿತ್ತು. ಆಮೇಲೆ ನಾಲ್ಕು ಹೆಜ್ಜೆ ನಡೆದು ಕೂತಿತು. ಬಡಿತ ಸ್ವಲ್ಪ ಚುರುಕು, ಅಷ್ಟೆ. ಉಪಗ್ರಹನ ಕೈಯ ಮಗ್ಗು ಮೆಲ್ಲಗೆ ಮೇಜಿನ ಮೇಲೆ ಬಂದು ಕೂತಿತು. ಅವನು ಏನೋ ಹೇಳಲು ಬಾಯಿ ತೆರೆದ. ದೊಡ್ಡಪ್ಪನ ವಿಷಯವಿರಬಹುದು, ಬೇರೆಯೂ ಇರಬಹುದು. ಹೇಳದೆ, ಪಕ್ಕದ ಮೇಜಿನಿಂದ ತನ್ನ ಆಸನವನ್ನು ಸದ್ದಾಗದಂತೆ ಎಳೆದುಕೊಂಡು ಕೂತ.

ಒಂದೇ ಒಂದು ಸರ್ವರ್ ಉಳಿದಾಗ ಕಿಟಕಿಯ ಗಡಿಯಾರಕ್ಕೂ ಗೋಡೆಯ ಗಡಿಯಾರಕ್ಕೂ ವೇಗ ಒಂದೇ ಆಯಿತು. ಅಲ್ಲೊಂದು ನಿಮಿಷ, ಇಲ್ಲೊಂದು ನಿಮಿಷ. ಅವಳು ಫೋನು ಮಾಡಿದ ಹೊತ್ತು ಅಲ್ಲಿ ಇನ್ನೂ ದೂರವಿತ್ತು.

ಮೇಜಿನ ಮೇಲೆ ಅವಳ ಫೋನು ನಡುಗತೊಡಗಿತು. ಗಂಡನದು. ಡಾಕ್ಟರು ಕಾಯುತ್ತಿರಬೇಕು. ನಡುಗಿ ನಡುಗಿ ಅಂಚಿನವರೆಗೆ ಜರುಗಿ ನಿಂತಿತು, ಮತ್ತೆ ಶುರುವಾಯಿತು. ಉಪಗ್ರಹ ಅದನ್ನು ನೋಡಿದ, ಅವಳನ್ನು ನೋಡಿದ, ಎತ್ತಲಿಲ್ಲ.

ಕೋಣೆಯಲ್ಲಿ ಒಬ್ಬೊಬ್ಬರೇ ಬ್ಯಾಗು ಎತ್ತಿಕೊಂಡು ಹೊರಟರು. ಕಿಟಕಿಯಲ್ಲಿ ನಾಯಿ ಓಡಿ ಓಡಿ ಸಾಕಾಗಿ ಮಲಗಿತ್ತು. ಫ್ಯಾನು ತಿರುಗುತ್ತಿತ್ತು. ಕುರ್ಚಿ ಎದ್ದು ನಿಂತು, ಸ್ವಲ್ಪ ಹೊತ್ತು ಏನನ್ನೋ ಯೋಚಿಸುವಂತೆ ತಡೆದು, ಮತ್ತೆ ಕೂತಿತು.